ಒಂದು ರೇಫದ ದೂರ

ಇಗರ್ಜಿಯ ಹಿಂದೆ ಗ್ವೆನಾನ್ ಸಂತನ ಬಾವಿ.
ಹಳ್ಳ ದಾಟಿದರೆ ಗ್ವೆರ್ನಾನ್ ವೀರನ ಕಲ್ಲು.
ನಡುವೆ ಪ್ರೊಥೆರೋನ ಹನ್ನೊಂದು ಕುರಿ;
ಅವಕ್ಕೆ ಎರಡು ದಡದ ಹುಲ್ಲೂ ಒಂದೇ.

ಅಬೆರಿಸ್ಟ್ವಿತ್‌ನಿಂದ ಬಂದ ಪಂಡಿತರು
ಅಜ್ಜನ ಬಾಗಿಲಲ್ಲಿ ಬೂಟಿನ ಕೆಸರು ಒರೆಸುತ್ತ ಹೇಳಿದರು:
ಇಬ್ಬರಿಗೂ ಎಡಗೈಗೆ ನಾಲ್ಕೇ ಬೆರಳು,
ಇಬ್ಬರೂ ಸತ್ತದ್ದು ಮಾಗಿಯ ಕೊನೆಯ ಅಮಾವಾಸ್ಯೆ,
ಇಬ್ಬರಿಗೂ ತಾಯಿಯುಂಟು, ತಂದೆಯ ಸುದ್ದಿಯಿಲ್ಲ.
ಯಾವನೋ ಸನ್ಯಾಸಿ, ಚಳಿಗೆ ಬೆರಳು ಸೆಟೆದು,
ಕರುವಿನ ತೊಗಲ ಮೇಲೆ ಬರೆಯುವಾಗ
ಒಂದು ರೇಫ ಬಿಟ್ಟಿದ್ದಾನೆ, ಅಷ್ಟೇ.
ಕೊಂದವನೇ ಕೊನೆಗೆ ಕತ್ತಿಯನ್ನು ಬಾವಿಗೆಸೆದು
ಮಂಡಿಯೂರಿದ. ಕತೆ ನೇರ.

ಅಜ್ಜ ಇಥೆಲ್ ಮರದ ಮೆಟ್ಟು ಕೆತ್ತುವವನು.
ಮಾತೆಂದರೆ ಅವನಿಗೆ ಕಾಲಿಗಿಂತ ದೊಡ್ಡ ಮೆಟ್ಟು.
ನನ್ನತ್ತ ತಿರುಗಿ, 'ತೆಗ್ವೆನ್, ಕೊಡಲಿ ತಾ' ಅಂದ.

ಹಳ್ಳದಂಚಿನ ಆಲ್ಡರ್ ಮರ ನಮ್ಮ ಮಾತಲ್ಲಿ ಗ್ವೆರ್ನ್.
ಗ್ವೆನ್ ಎಂದರೆ ಬಿಳುಪು, ಪುಣ್ಯವೂ ಹೌದು.
ಪಂಡಿತರಿಗೆ ಇಷ್ಟು ಗೊತ್ತಿತ್ತು.

ಒಂದೇ ಏಟು. ಒಳಗೆ
ಆಗಷ್ಟೇ ಕರೆದ ಹಾಲು.
ಅಜ್ಜ ಚಹಾಕ್ಕೆ ನೀರಿಟ್ಟ.
ನೀರು ಕುದಿಯುವ ಹೊತ್ತಿಗೆ ಗಾಯಕ್ಕೆ ಅರಿಸಿನ ಬಣ್ಣ.
ಕುಡಿದ ಲೋಟ ತೊಳೆದು ಬರುವಷ್ಟರಲ್ಲಿ
ಕೆಂಪು. ಮುಟ್ಟಿದರೆ ಕೈಗೆ ಅಂಟೀತು ಅನ್ನುವ ಕೆಂಪು.

'ಬಿಳಿದು ಕೆಂಪಾಗೋದು
ಅರವತ್ತು ವರ್ಷದಿಂದ ನೋಡ್ತಿದೀನಿ.
ಕೆಂಪು ಬಿಳಿದಾಗಿದ್ದು
ಒಂದ್ಸಲಾನೂ ಕಂಡಿಲ್ಲ.'

ಹಾಗಾದರೆ ಮೊದಲು ಬಾವಿ. ಮೊದಲು ಮಂಡಿ,
ಕೈಗಂಟೆ, ಬಾರ್ಲಿಯ ಗಂಜಿ,
ಬೆಳಗಿನ ಕೊಕ್ಕರೆಯ ಜೊತೆ ಮಾತಿಲ್ಲದ ಸ್ನೇಹ.
ಆಮೇಲೊಂದು ದಿನ ಕಡಲಲ್ಲಿ ಹಾಯಿ, ಊರಲ್ಲಿ ಹೊಗೆ,
ಯಾರದೋ ಮಗು ಬಂದು
ಅವನ ನಿಲುವಂಗಿಯೊಳಗೆ ಅವಿತದ್ದು.
ಸಂತ ಎದ್ದ. ಕೈಗೆ ಸಿಕ್ಕಿದ್ದು ಹಿಡಿದ.
ಎದ್ದವನಿಗೆ ಮತ್ತೆ ಮಂಡಿ ಮಡಚಲು ಬರಲಿಲ್ಲ.
ರೇಫ ಬಿಟ್ಟುಹೋದದ್ದಲ್ಲ;
ಅವತ್ತು ಹೆಸರಿನ ಮೈಗೆ ನಾಟಿದ್ದು.

ಇದೆಲ್ಲ ಅಜ್ಜ ಹೇಳಿದ್ದಲ್ಲ,
ಆ ರಾತ್ರಿ ಹಾಸಿಗೆಯಲ್ಲಿ ನಾನೇ ಜೋಡಿಸಿಕೊಂಡದ್ದು.

ಪಂಡಿತರು ಮರದ ಚೂರೊಂದನ್ನು
ಕರವಸ್ತ್ರದಲ್ಲಿ ಸುತ್ತಿ ಒಯ್ದಿದ್ದರು.
ಬೇಸಗೆಯಲ್ಲಿ ಕಾಗದ ಬಂತು:
'ಒಣಗಿದೆ. ಕೆಂಪು ಹೋಯಿತು, ಬಿಳುಪೂ ಅಲ್ಲ.
ಈಗ ಏನೆಂದು ಬರೆಯಲಿ?'

ಅಜ್ಜ ಎರಡು ಸಲ ಓದಿಸಿಕೊಂಡ.
ಕಾಗದವನ್ನು ನಾಲ್ಕು ಮಡಿಕೆ ಮಡಚಿ
ಪ್ರೊಥೆರೋನ ಸಡಿಲ ಮೆಟ್ಟಿನೊಳಗೆ
ಹಿಮ್ಮಡಿಗೆ ಒತ್ತಿಟ್ಟ.