ಭಾರ ಬಿದ್ದ ಮೇಲೆ

ಕೆಮಿ ಊರಿನಾಚೆ, ಏಪ್ರಿಲ್‌ನ ಕೊಳಕು ಹಿಮ.
ಶೆಡ್ಡಿನೊಳಗೆ ಎಂಬತ್ತೇಳರ ವೋಲ್ವೋ
ಹಿಂಗಾಲೆತ್ತಿ ನಿಂತಿದೆ,
ಲಾಳ ಕಟ್ಟಿಸಿಕೊಳ್ಳುವ ಕುದುರೆಯ ಹಾಗೆ.

ಅಡಿಗಿಟ್ಟ ಸ್ಟ್ಯಾಂಡುಗಳು ಯೊರ್ಮಾನವು.
ವಿಚ್ಛೇದನದ ಪಟ್ಟಿಯಲ್ಲಿ ಅವು ಅವನಿಗೆ,
ಕಾರು ಇರ್ಮೆಲಿಗೆ.
ಹಾಗಾಗಿ ಇವತ್ತು ಇಬ್ಬರೂ ಅದರಡಿ, ಅಂಗಾತ.

ಇಷ್ಟು ಚಳಿಗಾಲ ರಸ್ತೆಯುಪ್ಪು ತಿಂದ ಬೋಲ್ಟು
ಜಪ್ಪಯ್ಯ ಅಂದರೂ ಜಗ್ಗದು.
ಎಣ್ಣೆ ಬಿಟ್ಟಳು. ಬೆಂಕಿ ಹಿಡಿದ.
ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇಬ್ಬರೂ ಜೋತುಬಿದ್ದರು.
"ಎಡಕ್ಕೆ."
"ನನ್ನ ಎಡವೋ, ನಿನ್ನದೋ?"
ಹತ್ತೊಂಬತ್ತು ವರ್ಷ ಇತ್ಯರ್ಥವಾಗದ ಪ್ರಶ್ನೆ.
ಕಿರ್ರೆಂದು ಬಿಟ್ಟಿತು.

ಹಳೆಯ ತೋಳು ಕೈಗೆ ಬಂತು,
ಮುಟ್ಟಿದಲ್ಲೆಲ್ಲ ಹಪ್ಪಳದಂತೆ ಉದುರುವ ತುಕ್ಕು.
ಹೊಸವು ಪೋಲೆಂಡಿನವು, ಕಂಪನಿಯ ಮಾಲಲ್ಲ, ಕಡುಗೆಂಪು.
"ಈ ಮುದುಕನಿಗೆ ತೀರಾ ಷೋಕಿ" ಅಂದ.
ತೂತಿಗೂ ತೂತಿಗೂ ಕೂದಲೆಳೆ ತಪ್ಪು;
ಆಕ್ಸಲ್ಲಿನಡಿ ಜಾಕ್ ಕೊಟ್ಟು, ಗದರಿ, ಓಲೈಸಿ ಕೂರಿಸಿದರು.

ಅವಳು ಬಿಗಿಯಹೊರಟಾಗ ಕೈ ಹಿಡಿದ:
ಗಾಳಿಯಲ್ಲಿ ಬಿಗಿಯಬಾರದು.
ಚಕ್ರ ನೆಲ ಮುಟ್ಟಲಿ,
ಕಾರು ತನ್ನ ಭಾರಕ್ಕೆ ತಾನು ಕೂರಲಿ,
ಕಡೆಯ ಸುತ್ತು ಆಮೇಲೆ.
ಇಲ್ಲದಿದ್ದರೆ ಬುಷ್ಷು ತಿರುಚಿಕೊಂಡೇ ಬದುಕಿ
ವರ್ಷದೊಳಗೆ ಹರಿಯುತ್ತದೆ.

ಇರ್ಮೆಲಿ ಸ್ಪ್ಯಾನರು ಇಳಿಸಿದಳು.
"ಇದು ನಿನಗೆ ಮೊದಲೇ ಗೊತ್ತಿತ್ತಾ?"
"ಕಾರಿನದು ಗೊತ್ತಿತ್ತು."

ಸಂಜೆ ಸೇತುವೆಯ ಮೇಲೆ ಒಬ್ಬಳೇ ಓಡಿಸಿದಳು.
ಬಾಲ ಒಲೆಯಲಿಲ್ಲ.
ಆದರೆ ಹಿಂದೆಲ್ಲೋ ಟಕ್, ಟಕ್.
ಬದಿಗೆ ನಿಲ್ಲಿಸಿ ಬಗ್ಗಿ ನೋಡಿದಳು, ಎಲ್ಲ ಬಿಗಿ.
ಡಿಕ್ಕಿ ತೆರೆದರೆ
ಅವನ ಸ್ಟ್ಯಾಂಡುಗಳು,
ಒಂದಕ್ಕೊಂದು ತಾಗಿಕೊಂಡು.