ನಲ್ವತ್ತಕ್ಕೆ ಒಂದೂವರೆ ಕಮ್ಮಿ

ಜಿಪ್‌ಲೈನಿನ ಬೋರ್ಡಿನಲ್ಲಿ ಮೂರು ಹಗ್ಗಗಳ ಚಿತ್ರ ಉಂಟು.
ಒಂದು ಗಾಳಿಮರದಿಂದ ಗಾಳಿಮರಕ್ಕೆ, ಇನ್ನೂರೈವತ್ತು,
ಮಕ್ಕಳಿಗೆ, ಹೆದರುವವರಿಗೆ.
ಇನ್ನೊಂದು ಹೊಳೆಯ ಮೇಲೆ,
ಪಡುಕರೆಯ ತೆಂಗುಗಳ ತಲೆ ಸವರಿಕೊಂಡು, ಆರುನೂರು.
ಮೂರನೆಯದು ಅಳಿವೆ ದಾಟಿ ಕಡಲಿನ ನೆತ್ತಿಗೆ.
ಅದರ ದರದ ಮೇಲೆ ಕಾಗೆ ಹಿಕ್ಕೆ ಹಾಕಿದೆ,
ಕೇಳಲಿಕ್ಕೆ ನಾಚಿಕೆ.

ನಾವು ಮೂವರು:
ಜಲಜಾಕ್ಷಿ, ಸೆವ್ರಿನ್ ಬಾಯಿ, ಮತ್ತೆ ನಾನು.
ಬಜಾಲಿನ ಗೇರುಬೀಜದ ಫ್ಯಾಕ್ಟರಿಯಲ್ಲಿ
ಇಪ್ಪತ್ತೇಳು ವರ್ಷ ಒಂದೇ ಬೆಂಚು.
ಪಿಎಫ್ ಬಂದ ವಾರ ಸೆವ್ರಿನ್ ಹೇಳಿದಳು,
"ಎಲ್ಲರೂ ಬಾಲಿ, ಮಾಲ್ದೀವ್ಸ್ ಅಂತ ಹೋಗ್ತಾರೆ.
ನಮಗೂ ಒಂದು ದ್ವೀಪ ಉಂಟಲ್ಲ ಮಲ್ಪೆಯಲ್ಲಿ,
ಪಾಸ್‌ಪೋರ್ಟು ಬೇಡ, ಬಸ್ಸು ಸಾಕು."

ದ್ವೀಪ ಬೆಳಿಗ್ಗೆಯೇ ನೋಡಿ ಆಯ್ತು.
ಕಪ್ಪು ಕಲ್ಲುಗಳು, ಒಂದಕ್ಕೊಂದು ಒತ್ತಿಕೊಂಡು,
ಕೆಲಸ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತ ಹೆಂಗಸರ ಹಾಗೆ.
ಬರುವಾಗ ಬೋಟಿನಲ್ಲಿ ಜಲಜಾಕ್ಷಿ ವಾಂತಿ ಮಾಡಿಕೊಂಡಳು,
ಮೀನು ಹಿಡಿಯುವವರ ಮಗಳು!
ಯಾರಿಗೂ ಹೇಳಬೇಡಿ ಅಂದಿದ್ದಾಳೆ.

ಈಗ ಹಗ್ಗದ ವಿಷಯ.
ಜಲಜಾಕ್ಷಿಗೆ ಚಿಕ್ಕದು ಸಾಕು.
ಸೆವ್ರಿನಳಿಗೆ ಕಡಲೇ ಬೇಕು.
ದುಡ್ಡಿನ ಚೀಲ ನನ್ನ ರವಕೆಯೊಳಗೆ,
ಹಾಗಾಗಿ ನಾನು ನ್ಯಾಯಾಧೀಶೆ.
ಬೆಲ್ಟು ಎಷ್ಟು ಹಳತು, ಹಗ್ಗ ಯಾವ ಊರಿಂದ ಬಂತು,
ಮಧ್ಯದಲ್ಲಿ ನಿಂತರೆ ಎಳೆಯುವವರು ಯಾರು,
ಸೀರೆಯಲ್ಲಿ ಆಗ್ತದಾ...
ನನ್ನ ಮದುವೆಗೆ ಗಂಡು ನೋಡುವಾಗ
ಅಪ್ಪ ಇಷ್ಟು ಕೇಳಿರಲಿಲ್ಲ.

"ಮೊದಲು ತೂಕ, ಅಕ್ಕ," ಅಂದ ಹುಡುಗ.
"ನಲ್ವತ್ತಕ್ಕಿಂತ ಕಮ್ಮಿ ಇದ್ದರೆ
ಅರ್ಧದಲ್ಲಿ ನಿಲ್ತದೆ. ಬಿಡುವುದಿಲ್ಲ."

ತಕ್ಕಡಿ.
ಅದರ ಮುಖ ನನಗೆ ಗೊತ್ತುಂಟು.
ದಿನಾ ಸಂಜೆ ಸಿಪ್ಪೆ ತೆಗೆದ ಬಿಳಿ ಬೀಜ ಸುರಿದು
ರೈಟರ್ ದಾಮೋದರನ ಬೆರಳು ನೋಡುತ್ತಾ ನಿಲ್ಲುವುದು.
ಕಿಲೋಗೆ ನೂರು ಗ್ರಾಂ ಅವನ ಬಾಯಿಗೆ:
ತುಂಡು, ಹುಡಿ, ಹುಳ, ತೇವ.
ಎಷ್ಟು ಮೂಟೆ ತೂಗಿಸಿದೆನೋ.
ನನ್ನನ್ನು ತೂಗಿದ್ದು
ಲೇಡಿಗೋಷನ್ ಆಸ್ಪತ್ರೆಯಲ್ಲಿ, ಎರಡು ಸಲ.
ಆಗ ಒಳಗೆ ಇನ್ನೊಬ್ಬರಿದ್ದರು.

ಹತ್ತಿ ನಿಂತೆ, ಚಪ್ಪಲಿ ಸಮೇತ.
ಮೂವತ್ತೆಂಟೂವರೆ.

ಸೆವ್ರಿನ್ ಜಗಳಕ್ಕೆ ನಿಂತಳು:
"ಒಂದೂವರೆ ಕಿಲೋ! ಅಷ್ಟು ಇವಳ ನಾಲಗೆಯೇ ಉಂಟು,
ಬಾಯಿ ತೆರೆಸಿ ನಿಲ್ಲಿಸು ಒಮ್ಮೆ."
ಜಲಜಾಕ್ಷಿ ಎಳನೀರು ತಂದಳು. ಮತ್ತೊಂದು ತಂದಳು.
ಒಂದು ಪ್ಲೇಟು ಗೋಳಿಬಜೆ, ಚಟ್ನಿ ಬೇರೆ.
ಮೂವತ್ತೊಂಬತ್ತು, ಮತ್ತೆ ಒಂದು ಚೂರು.

ಹುಡುಗನ ಬೆರಳು ನೋಡುತ್ತಲೇ ಇದ್ದೆ, ಹಳೆಯ ಅಭ್ಯಾಸ.
ಅವನ ಎರಡೂ ಕೈ ಬೆನ್ನ ಹಿಂದೆ.
"ನಲ್ವತ್ತು ಅಂತ ಬರೀಬಹುದು ಅಕ್ಕ," ಅಂದ,
"ಆದ್ರೆ ಹಗ್ಗಕ್ಕೆ ಓದ್ಲಿಕ್ಕೆ ಬರುವುದಿಲ್ಲ."

ಹೊಳೆಯ ಮೇಲಿನದರಲ್ಲಿ
ಇಬ್ಬರು ಒಟ್ಟಿಗೆ ಹೋಗಬಹುದಂತೆ, ಒಂದೇ ಕೊಕ್ಕೆಗೆ.
ಹಾಗೆ ಆಯ್ಕೆ ಆಯ್ತು. ನಾನು ಮಾಡಿದ್ದಲ್ಲ.
ಸೆವ್ರಿನಳ ಕಡಲು ಹೋಯ್ತು, ಜಲಜಾಕ್ಷಿಯ ಗಾಳಿಮರವೂ.
ಸೀರೆಯ ಮೇಲೆ ದೊಗಲೆ ಪ್ಯಾಂಟು ಏರಿಸಿ
ಎಪ್ಪತ್ತೊಂದು ಕಿಲೋದ ಜಲಜಾಕ್ಷಿಗೆ
ನನ್ನನ್ನು ಕಟ್ಟಿದರು,
ಸೇರಿನ ಪಕ್ಕ ಪಾವು ಇಟ್ಟ ಹಾಗೆ.

ಆಮೇಲಿನದು ಕ್ರಮವಾಗಿ ನೆನಪಿಲ್ಲ.
ಬೋಟುಗಳ ಬೋಳು ತಲೆ, ಒಣಗಲು ಹಾಕಿದ ಬಲೆ,
ಸಿಗಡಿ ಹರವುತ್ತಿದ್ದವಳೊಬ್ಬಳು
ಹಣೆಗೆ ಕೈಯಿಟ್ಟು ಮೇಲೆ ನೋಡಿದಳು.
ಏನೋ ಅಂದಳು. ಕೇಳಲಿಲ್ಲ.
ಕಿವಿಯ ಪಕ್ಕ ಜಲಜಾಕ್ಷಿಯ ತುಳು,
ಬರೆಯುವ ತುಳು ಅಲ್ಲ.
ನನ್ನ ಕೈ ಮಾತ್ರ ಕಂಡಿತು, ನನ್ನ ಮುಂದೆಯೇ,
ಗೇರೆಣ್ಣೆಗೆ ಕಪ್ಪಾದ ಹತ್ತು ಬೆರಳು
ಏನನ್ನೂ ಸುಲಿಯದೆ
ಸುಮ್ಮನೆ ಗಾಳಿ ಹಿಡಿದುಕೊಂಡಿದ್ದವು.

ಮೂವತ್ತು ಸೆಕೆಂಡು. ಲೆಕ್ಕ ಹಾಕಿದ್ದೇನೆ:
ಸೆಕೆಂಡಿಗೆ ಇಪ್ಪತ್ತು ರೂಪಾಯಿ. ದುಬಾರಿ.

ಆಚೆ ದಡದಲ್ಲಿ ಕೊಕ್ಕೆ ಬಿಚ್ಚುತ್ತಾ ಹುಡುಗಿ ಕೇಳಿದಳು,
"ವಾಪಸು ಸೇತುವೆಯಲ್ಲಿ ನಡೀತೀರಾ, ಹಗ್ಗದಲ್ಲಾ?"
ಜಲಜಾಕ್ಷಿ ಮಾತಾಡಲಿಲ್ಲ.
ನನ್ನ ರವಕೆಯನ್ನೇ ನೋಡಿದಳು.