ಗಾದಿಯೊಳಗೆ

ಸೊಹಾರ್ ಬಂದರಿನ ಮೂರನೇ ಗೇಟಿನ ಹಿಂದೆ
ಕಿಟಕಿಯಿಲ್ಲದ ಕೋಣೆ, ಇಪ್ಪತ್ತೆಂಟು ಪರದೆ.
ನಾನು ಶಮೀಮಾ ನದಾಫ, ರಾತ್ರಿ ಪಾಳಿ.
ಲಾರಿ ಬಂತು, ಲಾರಿ ಹೋಯಿತು;
ಡ್ರೈವರ್ ಮೂಗು ಒರೆಸಿಕೊಂಡದ್ದೂ ದಾಖಲು.

ಗೆಜೀನೆ ಬಂದದ್ದು ಜರ್ಮನಿಯಿಂದ,
ಕ್ಯಾಮೆರಾಗಳಿಗೆ ಹೊಸ ಬುದ್ಧಿ ತುಂಬಲು.
ಇನ್ನು ನಡಿಗೆ ನೋಡಿಯೇ ಆಳನ್ನು ಗುರುತಿಸುತ್ತವಂತೆ.
ಕರಕ್ ಚಹಾ ಆರುತ್ತಿದೆ, ಅವಳು
ಫೋನು ನೋಡುತ್ತಾಳೆ, ಉಗುರು ಕಚ್ಚುತ್ತಾಳೆ.
ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದೆ.

ಹಾಗಲ್ಲ. ಬರ್ಲಿನ್ನಿನಲ್ಲಿ ಮಾತುಕತೆ.
ಯಾರಿಗೂ ಬಹುಮತವಿಲ್ಲ,
ಪಕ್ಷಗಳು ಬಾಗಿಲು ಹಾಕಿಕೊಂಡು ಕೂತಿವೆ.
ಜನ ಯಾರಿಗೆ ಫೋನು ಮಾಡಿದರು, ಎಲ್ಲಿಂದ ಮಾಡಿದರು,
ಆ ಲೆಕ್ಕ ಎಷ್ಟು ದಿನ ಇಡಬೇಕು?
ಒಬ್ಬರು ಮೂರು ತಿಂಗಳು ಅಂದರೆ
ಇನ್ನೊಬ್ಬರು ಒಂದು ದಿನವೂ ಬೇಡ,
ಮೂರನೆಯವರು ಗೃಹಖಾತೆ ಕೊಡಿ, ಆಮೇಲೆ ನೋಡೋಣ.

ಟವೆಲ್ಲಿನ ಕೆಳಗೆ ಬೆರಳು ಹಿಡಿದು
ದರ ಮುಗಿಸುವ ಸಂತೆಯ ದಲಾಲರು ನೆನಪಾದರು.
ಎತ್ತು ಪಕ್ಕದಲ್ಲೇ ಮೆಲುಕು ಹಾಕುತ್ತಿರುತ್ತದೆ.

ನಗು ಬಂತು, ತಡೆದುಕೊಂಡೆ.
ಇಲ್ಲಿ ಇಳಿದ ವಾರವೇ ಹತ್ತೂ ಬೆರಳು ಕೊಟ್ಟೆ,
ರಕ್ತ ಕೊಟ್ಟೆ, ಎದೆಯ ಎಕ್ಸ್‌ರೇ ಕೊಟ್ಟೆ.
ಊರಲ್ಲಿ ರೇಷನ್ನಿಗೂ ಹೆಬ್ಬೆಟ್ಟು ಒತ್ತಿದವಳೇ.
ಅವ್ವನ ಬೆರಳು ಮಾತ್ರ ಯಂತ್ರಕ್ಕೆ ಹತ್ತಲಿಲ್ಲ,
ಅರಳೆ ಬಿಡಿಸಿ ಬಿಡಿಸಿ ಗೆರೆ ಸವೆದಿದ್ದವು.

"ನಿನ್ನದನ್ನು ಎಷ್ಟು ದಿನ ಇಡುತ್ತಾರೆ?"
ಗೆಜೀನೆ ಕೇಳಿದಳು.
ಇದುವರೆಗೆ ಯಾರೂ ಕೇಳಿರಲಿಲ್ಲ.
ನಾನೂ.

ಅಪ್ಪ ಮುಂಡರಗಿ ಸುತ್ತ ಮನೆಮನೆಗೆ ಹೋಗಿ
ಹಳೇ ಗಾದಿ ಬಿಚ್ಚಿ ಹತ್ತಿ ಹಿಂಜುತ್ತಿದ್ದ.
ಗಾದಿಯೊಳಗೆ ಏನಿರುವುದಿಲ್ಲ!
ಮಡಿಸಿದ ಚೀಟಿ, ಒಂಟಿ ಕಾಲುಂಗುರ, ತಾಯತ,
ಸೊಸೆ ಅತ್ತೆಗೆ ಕಾಣದಂತೆ ಹೊಲಿದಿಟ್ಟ ಐವತ್ತರ ನೋಟು.
ಯಾವುದು ಎಲ್ಲಿತ್ತೋ ಅಲ್ಲೇ ಇಟ್ಟು
ದಬ್ಬಳದಿಂದ ಬಾಯಿ ಹೊಲಿದು ಏಳುತ್ತಿದ್ದ.
ಒಮ್ಮೆ ಗೌಡರು ಕರೆಸಿ ಕೇಳಿದರು,
"ಆ ಮನಿ ಗಾದ್ಯಾಗ ಏನಿತ್ತೋ ಮೋದಿನಸಾಬ?"
"ಹತ್ತಿ ಇತ್ರಿ, ಗೌಡ್ರ."
ಮರುವರ್ಷ ಗೌಡರ ಗಾದಿಗಳು ಬೇರೆಯವರ ಪಾಲಾದವು.

ನಾಲ್ಕು ಗಂಟೆಗೆ ಫೋನು ಗುಣುಗುಟ್ಟಿತು.
ಒಪ್ಪಂದ ಆಗಿದೆ. ಮೂರು ತಿಂಗಳು.
ಗೆಜೀನೆ ಎರಡು ಸಲ ಓದಿ
ಫೋನನ್ನು ಬೋರಲು ಹಾಕಿದಳು.
ಸ್ವಲ್ಪ ಹೊತ್ತು ಸುಮ್ಮನಿದ್ದು
ಲ್ಯಾಪ್‌ಟಾಪು ಎಳೆದುಕೊಂಡು, "ಒಮ್ಮೆ ನಡೆದು ತೋರಿಸು,
ಪರೀಕ್ಷೆ ಮಾಡಬೇಕು" ಅಂದಳು.

ಹೊರಗೆ ಸಮುದ್ರದ ಬಿಸಿ ಹಬೆ,
ಕಾಲ ಕೆಳಗೆ ಅದಿರಿನ ಕೆಂಪು ಧೂಳು.
ಗೇಟಿನಿಂದ ವೇಬ್ರಿಡ್ಜ್‌ವರೆಗೆ ನಡೆದೆ, ತಿರುಗಿ ಬಂದೆ.
ಒಂಬತ್ತನೇ ಪರದೆಯಲ್ಲಿ ಹಸಿರು ಚೌಕ,
ಅದರೊಳಗೆ ನಾನು, ನನ್ನ ಹೆಸರು ತಪ್ಪಿಲ್ಲದೆ.

"ಎಡಕ್ಕೆ ವಾಲಿ ನಡೆಯುತ್ತೀಯ, ಯಾಕೆ?"

ಕಮಾನು ಅಪ್ಪನ ಎಡ ಹೆಗಲ ಮೇಲಿರುತ್ತಿತ್ತು.

ಗೊತ್ತಿಲ್ಲ ಅಂದೆ.